ಟಾಯ್ಲೆಟ್‌ಗೆ ಸಿಕ್ಕ ಮರ್ಯಾದೆ

ನ್ಯೂಯಾರ್ಕಿನ ಬೋವರಿ ಬೀದಿ, ನಂಬರ್ 315. 1973ರಲ್ಲಿ ಹಿಲ್ಲಿ ಕ್ರಿಸ್ಟಲ್ ಅನ್ನೋರು ಅಲ್ಲಿ ಸಿಬಿಜಿಬಿ ಅಂತ ಬಾರ್ ತೆಗೆದ್ರು. ಕಂಟ್ರಿ, ಬ್ಲೂಗ್ರಾಸ್, ಬ್ಲೂಸ್ ಅನ್ನೋ ಸಂಗೀತಗಳ ಶಾರ್ಟ್‌ಫಾರ್ಮ್ ಅದು, ಆದ್ರೆ ಬಂದು ವಕ್ಕರಿಸಿದ್ದು ರಮೋನ್ಸ್, ಬ್ಲಾಂಡಿ, ಟಾಕಿಂಗ್ ಹೆಡ್ಸ್ ಅನ್ನೋ ರಾಕ್ ಬ್ಯಾಂಡ್‌ಗಳು, ಭಜನಾ ಮಂದಿರ ಅಂತ ಬೋರ್ಡ್ ಹಾಕಿ ಒಳಗೆ ತಮಟೆ ಬಡಿದ ಹಾಗೆ. ಹಿಲ್ಲಿಯವರದ್ದು ಒಂದೇ ಕಂಡೀಷನ್ನು, ಸ್ವಂತ ಹಾಡು ಹಾಡ್ಬೇಕು. ಹಂಗಾಗಿ ಬೇರೆ ಎಲ್ಲೂ ಸ್ಟೇಜ್ ಹತ್ತೋಕೆ ಬಿಡದೇ ಇದ್ದೋರೆಲ್ಲ ಇಲ್ಲಿ ಜಮಾಯಿಸಿದ್ರು, ಪಂಕ್ ಅನ್ನೋ ಒರಟು ರಾಕ್ ಸಂಗೀತ ಹುಟ್ಕೊಳ್ತು.

ಇನ್ನು ಅಲ್ಲಿನ ಟಾಯ್ಲೆಟ್. ಬಾಗಿಲಿಲ್ಲ, ಗೋಡೆ ತುಂಬ ಗೀಚು, ಮೂಗು ಮುಚ್ಕೊಂಡು ಹೋದೋರು ಕಣ್ಣೂ ಮುಚ್ಕೊಂಡೇ ವಾಪಸ್ ಬರ್ಬೇಕು. ಊಟ ಮಾಡ್ತಾ ಓದ್ತಿದ್ರೆ ಕ್ಷಮಿಸಿ.

ಆಮೇಲೆ ಬಾಡಿಗೆ ಜಗಳ ಶುರುವಾಯ್ತು. ಆ ಜಾಗ ಯಾರ ಕೈಲಿತ್ತು ಗೊತ್ತಾ? ಮನೆ ಇಲ್ಲದೋರಿಗೆ ಆಸರೆ ಕೊಡೋ ಸಂಸ್ಥೆ! ಮೇಲಿನ ಮಹಡಿಯಲ್ಲಿ ದಿಕ್ಕಿಲ್ಲದವರಿಗೆ ಹಾಸಿಗೆ, ಕೆಳಗಿನ ಬಾಡಿಗೆದಾರನಿಗೆ ಗೇಟ್‌ಪಾಸು. 2006ರ ಅಕ್ಟೋಬರ್ 15ಕ್ಕೆ ಗಾಯಕಿ ಪ್ಯಾಟಿ ಸ್ಮಿತ್ ಕೊನೇ ಶೋ ಹಾಡಿದ್ರು, ಬಾಗಿಲು ಬಿತ್ತು, ಮುಂದಿನ ವರ್ಷ ಹಿಲ್ಲಿಯವರೂ ತೀರ್ಕೊಂಡ್ರು.

ಸತ್ತ ಮೇಲೆ ನೋಡಿ ಶುರುವಾಗಿದ್ದು ಉಪಚಾರ. 2008ರಲ್ಲಿ ಜಾನ್ ವಾರ್ವಾಟೋಸ್ ಅನ್ನೋ ಡಿಸೈನರ್ ಅಲ್ಲೇ ಬಟ್ಟೆ ಅಂಗಡಿ ತೆಗೆದ, ಹಳೇ ಗೋಡೆಯ ಹರಕಲು ಪೋಸ್ಟರ್‌ಗಳಿಗೆ ಗಾಜು ಹಾಕಿಸಿದ. ಯಾಕ್ರೀ, ಒಬ್ಬ ಹುಡುಗ ಆಗ ಆ ಗಾಜಿನ ಮೇಲೆ ಒಂದು ಸ್ಟಿಕರ್ ಅಂಟಿಸಿದ್ರೆ ಸೆಕ್ಯೂರಿಟಿ ಕರೀತಿದ್ರು, 1975ರಲ್ಲಿ ಅಂಟಿಸಿದ್ರೆ ಅದು ಪರಂಪರೆ! ಕಾಸಿಲ್ಲದೆ ಹರಿದ ಜೀನ್ಸ್ ಹಾಕ್ಕೊಂಡು ಹಾಡ್ತಿದ್ದ ಜಾಗದಲ್ಲಿ ಸಾವಿರಾರು ಡಾಲರಿನ ಲೆದರ್ ಜಾಕೆಟ್ ನೇತಾಡ್ತಿತ್ತು.

ಇಷ್ಟಕ್ಕೇ ಮುಗೀಲಿಲ್ಲ. 2013ರಲ್ಲಿ ಮೆಟ್ರೋಪಾಲಿಟನ್ ಮ್ಯೂಸಿಯಂನೋರು ಪಂಕ್ ಫ್ಯಾಶನ್ ಎಕ್ಸಿಬಿಷನ್‌ಗೆ ಅಂತ ಆ ಟಾಯ್ಲೆಟ್ಟನ್ನೇ ಹೊಸದಾಗಿ ಕಟ್ಟಿಸಿದ್ರು, ಗಲೀಜು ಸಮೇತ. ಅಷ್ಟು ವರ್ಷ ಒಂದು ಬಕೆಟ್ ಫಿನಾಯಿಲ್ ಕಾಣದ ಜಾಗಕ್ಕೆ ಕ್ಯುರೇಟರ್‌ಗಳು! ಟಿಕೆಟ್ ತಗೊಂಡು ನೋಡ್ಬಹುದಿತ್ತು, ಅರ್ಜೆಂಟಾದ್ರೆ ಮಾತ್ರ ಬೇರೆ ಕಡೆ ಹೋಗ್ಬೇಕಿತ್ತು.

2015ರ ಕೊನೆಯಲ್ಲಿ ನ್ಯೂಯಾರ್ಕ್ ಪಕ್ಕದ ನ್ಯೂವಾರ್ಕ್ ಏರ್‌ಪೋರ್ಟಲ್ಲಿ ಅದೇ ಹೆಸರಿನ ರೆಸ್ಟೋರೆಂಟ್ ಬಂತು. ಬೆಲ್ಟ್ ಬಿಚ್ಚಿ, ಚೈನು, ಮೊಳೆ ಹೊಡೆದ ಜಾಕೆಟ್ಟು ಎಲ್ಲಾ ಟ್ರೇಗೆ ಹಾಕಿ, ಕೈ ಮೇಲೆತ್ತಿ ತಪಾಸಣೆ ಮಾಡಿಸ್ಕೊಂಡು, ಆಮೇಲೆ ಪಂಕ್ ಹೆಸರಲ್ಲಿ ಊಟಕ್ಕೆ ಕೂರ್ಬೇಕಿತ್ತು. ಏರ್‌ಪೋರ್ಟ್ ಟಾಯ್ಲೆಟ್‌ಗೆ ಬಾಗಿಲಿರುತ್ತೆ ಬಿಡಿ.