ಅವಳು ಎಲ್ಲೆಲ್ಲಿ ಸೈಕಲ್ ಇಳಿದಳು

ಶನಿವಾರ, ಭಾನುವಾರ ಬೆಳಗಿನ ಜಾವ ನಂದಿ ಕಡೆ ಬಂದರೆ ಸೈಕಲ್ಲುಗಳ ಜಾತ್ರೆಯೇ ನೋಡಬಹುದು. ಬೆಂಗಳೂರಿಂದ ಬರುವವರು. ಹೆಲ್ಮೆಟ್ಟು, ಬಿಗಿ ಚಡ್ಡಿ, ಹಿಂದೆ ಮಿಣಮಿಣ ಅನ್ನುವ ಕೆಂಪು ಲೈಟು. ಕೆಲವು ಸೈಕಲ್ಲಿನ ಬೆಲೆಗೆ ನಮ್ಮೂರಲ್ಲಿ ಎರಡು ಸೀಮೆಹಸು ಬರುತ್ತವೆ. 1478 ಮೀಟರ್ ಎತ್ತರದ ಬೆಟ್ಟ ಹತ್ತಿ, ಫೋಟೋ ತೆಗೆದು, ಇಡ್ಲಿ ತಿಂದು ವಾಪಸ್ ಹೋಗುತ್ತಾರೆ. ನನಗೆ ಅವರ ಮೇಲೆ ಸಿಟ್ಟೇನೂ ಇಲ್ಲ, ನೋಡೋಕೆ ಖುಷಿನೇ. ಆದರೆ ಸೋಮವಾರ ಬೆಳಿಗ್ಗೆ ನಮ್ಮ ಕಡೆ ರಸ್ತೆಯಲ್ಲಿ ಶಾಲೆ ಮಕ್ಕಳ ಸೈಕಲ್ ಎಷ್ಟಿವೆ ಅಂತ ಎಣಿಸಿ ನೋಡಿ. ನಾನು ನಮ್ಮೂರ ಗೇಟಲ್ಲಿ ನಿಂತು ಎಣಿಸಿದೆ, ಎಂಟೂವರೆಯಿಂದ ಒಂಬತ್ತೂವರೆವರೆಗೆ. ನಾಲ್ಕು. ನಾನು ಚಿಕ್ಕಬಳ್ಳಾಪುರಕ್ಕೆ ಹೈಸ್ಕೂಲಿಗೆ ಹೋಗುತ್ತಿದ್ದಾಗ ನಮ್ಮೂರೊಂದರಿಂದಲೇ ಹದಿನೇಳು ಸೈಕಲ್ ಹೊರಡುತ್ತಿದ್ದವು, ಅದರಲ್ಲಿ ಅರ್ಧಕ್ಕೆ ಬ್ರೇಕೇ ಇರಲಿಲ್ಲ, ಚಪ್ಪಲಿನೇ ಬ್ರೇಕು.

ಆ ನಾಲ್ಕರಲ್ಲಿ ಒಂದು ನಮ್ಮ ಮನೆಯದು. ಅದೂ ಹೋದ ತಿಂಗಳು ನಿಂತಿತು.

ಅಣ್ಣನ ಮಗಳು ಪುಟ್ಟಿ, ಒಂಬತ್ತನೇ ಕ್ಲಾಸು. ಜಲ್ಲಿ ತುಂಬಿದ ಟಿಪ್ಪರ್ ಒಂದು ಹಿಂದಿನಿಂದ ಹಾರನ್ ಹೊಡೆದುಕೊಂಡು ಬಂದಿದೆ, ಇವಳು ಹೆದರಿ ಸೈಕಲ್ಲನ್ನು ಮಗ್ಗುಲಿಗೆ ಇಳಿಸೋಕೆ ಹೋಗಿದ್ದಾಳೆ, ಅಲ್ಲಿ ಡಾಂಬರಿಗೂ ಮಣ್ಣಿಗೂ ನಡುವೆ ಒಂದು ಗೇಣು ತಗ್ಗು. ಬಿದ್ದಳು. ಮೊಣಕೈ ತರಚಿತು, ಟಿಫನ್ ಬಾಕ್ಸ್ ಚಪ್ಪಟೆಯಾಯಿತು, ಪುಣ್ಯಕ್ಕೆ ಅಷ್ಟೇ. ಟಿಪ್ಪರ್ ನಿಲ್ಲಲಿಲ್ಲ. ಅತ್ತಿಗೆ ಅವತ್ತೇ ಸೈಕಲ್ಲಿಗೆ ಬೀಗ ಹಾಕಿ ಬೀಗದಕೈಯನ್ನು ಸಾಸಿವೆ ಡಬ್ಬಿಯಲ್ಲಿಟ್ಟರು. ಈಗ ಅಣ್ಣ ಡೈರಿಗೆ ಹಾಲು ಹಾಕಿ ಬಂದು ಮಗಳನ್ನು ಬೈಕಲ್ಲಿ ಬಿಟ್ಟು ಬರುತ್ತಾನೆ, ಸಂಜೆ ಮತ್ತೆ ಹೋಗಿ ಕರೆದುಕೊಂಡು ಬರುತ್ತಾನೆ. ಟೌನಿಗೆ ಏಳು ಕಿಲೋಮೀಟರ್. ದಿನಕ್ಕೆ ಇಪ್ಪತ್ತೆಂಟು ಕಿಲೋಮೀಟರ್ ಆಯಿತು, ಪೆಟ್ರೋಲು ಬೇರೆ, ಹೊಲದ ಕೆಲಸ ಹಾಳು ಬೇರೆ.

ಬಸ್ಸಿಗೆ ಹೋಗಲಿ ಅಂತೀರಾ? 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ಫ್ರೀ, ಒಳ್ಳೆಯದೇ. ಆದರೆ ನಮ್ಮೂರೊಳಗೆ ಬರುವ ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಸ್ಪೆಷಲ್ ಕ್ಲಾಸ್ ಇದ್ದ ದಿನ ಸಂಜೆಯದು ಸಿಗಲ್ಲ.

ಸೈಕಲ್ ಬಗ್ಗೆ ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳಲ್ಲ. 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋದು ಶುರುವಾಯಿತು, ಎಷ್ಟೋ ಹುಡುಗಿಯರು ಏಳನೇ ಕ್ಲಾಸಿಗೇ ಓದು ಬಿಡೋದು ಅದರಿಂದ ತಪ್ಪಿತು, ಇದನ್ನು ನಮ್ಮೂರಲ್ಲೇ ಕಣ್ಣಾರೆ ನೋಡಿದ್ದೇನೆ. ಕೊರೋನಾ ಬಂದಾಗ ಅದು ನಿಂತಿತು. ಆದರೆ ನನ್ನ ತಕರಾರು ಬೇರೆ. ಸೈಕಲ್ ಕೊಟ್ಟವರಲ್ಲಿ ಯಾರಾದರೂ ಒಬ್ಬರು, ಆ ಮಗು ಇದನ್ನು ಯಾವ ದಾರಿಯಲ್ಲಿ ತುಳಿಯುತ್ತೆ ಅಂತ ಒಂದು ಸಲ ಹಿಂದೆ ಹೋಗಿ ನೋಡಿದರಾ? ಇಷ್ಟು ವರ್ಷದಲ್ಲಿ ನಮ್ಮ ಕಡೆ ಅಂಥವರು ಯಾರೂ ಬಂದದ್ದು ನಾನು ಕಾಣೆ.

ಸರಿ, ನಾನೇ ನೋಡೋಣ ಅಂತ ಮೂರು ಭಾನುವಾರ ಅತ್ತಿಗೆಯನ್ನು ಗೋಗರೆದು ಬೀಗದಕೈ ಇಸಕೊಂಡೆ. ಪುಟ್ಟಿ ಮುಂದೆ, ನಾನು ನನ್ನ ಹಳೇ ಅಟ್ಲಾಸ್ ಸೈಕಲ್ಲಲ್ಲಿ ಇಪ್ಪತ್ತು ಮೀಟರ್ ಹಿಂದೆ. ಜೇಬಲ್ಲಿ ಒಂದು ಚಿಕ್ಕ ನೋಟ್ ಬುಕ್. ನಿಯಮ ಒಂದೇ: ನಾನು ಬಾಯಿ ಬಿಡಬಾರದು. ಅವಳು ಎಲ್ಲಿ ಸೈಕಲ್ ಇಳಿದು ತಳ್ಳುತ್ತಾಳೋ ಆ ಜಾಗ ಬರೆದುಕೊಳ್ಳಬೇಕು. ಅಷ್ಟೇ.

ಇದು ತಮಾಷೆಯ ಲೆಕ್ಕ ಅಲ್ಲ. ರಸ್ತೆ ಸರ್ವೆ ಅಂದರೆ ನಮ್ಮಲ್ಲಿ ಎಷ್ಟು ಕಿಲೋಮೀಟರ್ ಡಾಂಬರು, ಎಷ್ಟು ಗುಂಡಿ. ಜೀಪಲ್ಲಿ ಕೂತು ನೋಡುವ ಕಣ್ಣಿಗೆ ಅಷ್ಟೇ ಕಾಣೋದು. ಸೈಕಲ್ಲಿಗೆ ಲೆಕ್ಕವೇ ಬೇರೆ. ಏಳು ಕಿಲೋಮೀಟರಲ್ಲಿ ಆರೂ ಮುಕ್ಕಾಲು ಕಿಲೋಮೀಟರ್ ಬೆಣ್ಣೆ ಹಾಗಿದ್ದು, ಇನ್ನುಳಿದ ಕಾಲು ಕಿಲೋಮೀಟರಲ್ಲಿ ಟಿಪ್ಪರ್ ಮೈಮೇಲೆ ಬರುತ್ತೆ ಅಂದರೆ ಯಾವ ತಾಯಿನೂ ಬೀಗದಕೈ ಕೊಡಲ್ಲ. ಅಮೆರಿಕದ ಸ್ಯಾನ್ ಹೋಸೆಯಲ್ಲಿ 2012ರಲ್ಲಿ ಇದೇ ಮಾತನ್ನು ದೊಡ್ಡ ವರದಿ ಮಾಡಿ ಹೇಳಿದ್ದಾರೆ. ರಸ್ತೆಗಳನ್ನು ನಾಲ್ಕು ದರ್ಜೆ ಮಾಡಿ, ಮಕ್ಕಳು ಹೆದರದೆ ಹೋಗಬಹುದಾದದ್ದು ಒಂದನೇ ದರ್ಜೆ ಅಂತ ಇಟ್ಟು, ಇಡೀ ದಾರಿಯಲ್ಲಿ ಯಾವ ತುಂಡು ಅತಿ ಕೆಟ್ಟದೋ ಅದರ ದರ್ಜೆಯನ್ನೇ ಪೂರ್ತಿ ದಾರಿಗೆ ಕೊಡಬೇಕು ಅಂತ. ನಮ್ಮ ಅತ್ತಿಗೆ ಆ ವರದಿ ಓದಿಲ್ಲ, ಆದರೂ ಅವರ ಲೆಕ್ಕ ಅದೇ.

ಮೊದಲನೇ ಭಾನುವಾರ ಮೇನ್ ರೋಡು. ಪುಟ್ಟಿ ಆರು ಕಡೆ ಇಳಿದಳು.

ಮೊದಲನೆಯದು ಊರ ಮುಂದಿನ ಹಂಪ್ಸು. ನಗಬೇಡಿ. ನಮ್ಮ ದೇಶದಲ್ಲಿ ರಸ್ತೆಗಳ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಂತ ಒಂದಿದೆ. ಹಂಪ್ಸು 3.7 ಮೀಟರ್ ಅಗಲ, ಮಧ್ಯದಲ್ಲಿ 10 ಸೆಂಟಿಮೀಟರ್ ಎತ್ತರ, ದುಂಡಗೆ ಇರಬೇಕು ಅಂತ ಅವರು 1988ರಲ್ಲೇ ಬರೆದಿದ್ದಾರೆ. ನಮ್ಮೂರದ್ದು ಒಂದು ಅಡಿ ಅಗಲ, ಮುಕ್ಕಾಲು ಅಡಿ ಎತ್ತರ, ಯಾರೋ ರಾತ್ರೋರಾತ್ರಿ ಸಿಮೆಂಟ್ ಸುರಿದು ಮಾಡಿದ್ದು. ಟಿಪ್ಪರ್ ಅದರ ಮೇಲೆ ಹಾರಿಕೊಂಡು ಹೋಗುತ್ತೆ, ಸೈಕಲ್ಲಿನ ಕ್ಯಾರಿಯರ್ ಮೇಲಿನ ಬ್ಯಾಗು ಕೆಳಗೆ ಬೀಳುತ್ತೆ. ಯಾರ ವೇಗ ಕಮ್ಮಿಯಾಯಿತು ಹೇಳಿ?

ಎರಡನೆಯದು ಅವಳು ಬಿದ್ದ ಜಾಗ. ಅಲ್ಲಿ ಅವಳು ದೂರದಿಂದಲೇ ಇಳಿದು ನಿಂತು ಹಿಂದೆ ತಿರುಗಿ ನೋಡಿದಳು. ಒಂದರ ಮೇಲೊಂದು ಡಾಂಬರು ಹಾಕಿ ಹಾಕಿ ರಸ್ತೆ ಮೇಲೆ ಹೋಗಿದೆ, ಮಗ್ಗುಲಿಗೆ ಗ್ರಾವೆಲ್ ತುಂಬುವ ಕೆಲಸ ಮಾತ್ರ ಯಾರೂ ಮಾಡಿಲ್ಲ. ಸುಮಾರು ಇನ್ನೂರು ಮೀಟರ್ ಹೀಗಿದೆ. ಇದಕ್ಕೆ ಬೇಕಾದ್ದು ಕೆಲವು ಲೋಡು ಗ್ರಾವೆಲ್ ಮಣ್ಣು, ಒಂದು ರೋಲರ್. ಮೂರನೆಯದು ನಲ್ಲಿ ಪೈಪಿಗೆ ಅಗೆದು ಮುಚ್ಚಿದ ಅಡ್ಡ ಕಾಲುವೆ, ಮುಚ್ಚಿದ್ದಾರೆ ಅಂತ ಹೆಸರಿಗೆ. ನಾಲ್ಕನೆಯದು ತಿರುವಲ್ಲಿ ಟಿಪ್ಪರ್‌ನಿಂದ ಚೆಲ್ಲಿದ ಜಲ್ಲಿ ಪುಡಿ, ಅದರ ಮೇಲೆ ಬ್ರೇಕ್ ಹಿಡಿದರೆ ಮುಗಿಯಿತು.

ಐದನೆಯದು ಹೇಳೋಕೆ ನನಗೇ ಮುಜುಗರ. ಹುರುಳಿ. ರಸ್ತೆ ಮೇಲೆ ಹರಡಿದ ಹುರುಳಿ. ಕಣ ಮಾಡುವ ಕಾಲ ಹೋಗಿ ಎಷ್ಟು ವರ್ಷವಾಯಿತು, ಈಗ ಓಡಾಡುವ ಗಾಡಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಆ ಬಳ್ಳಿ ಚೈನಿಗೆ ಸುತ್ತಿಕೊಂಡರೆ ಸೈಕಲ್ ಅಲ್ಲೇ ಕಚ್ಚಿಕೊಳ್ಳುತ್ತೆ, ಕಾಳಂತೂ ಗೋಲಿ ಥರ ಜಾರುತ್ತೆ. ಹರಡಿದವರು ಯಾರೋ ಅಲ್ಲ, ನಮ್ಮವರೇ. ಊರಿಗೊಂದು ಸಿಮೆಂಟ್ ಕಣ ಮಾಡಿಕೊಡದೆ ರೈತರಿಗೆ ಬೈದು ಏನೂ ಪ್ರಯೋಜನ ಇಲ್ಲ ಅನ್ನೋದು ನನಗೂ ಗೊತ್ತು, ಆದರೂ ಅರ್ಧ ರಸ್ತೆಯಾದರೂ ಬಿಡಬಹುದಲ್ವಾ. ಆರನೆಯದು ಟೌನ್ ಹತ್ತಿರದ ಸರ್ಕಲ್ಲು, ಅದು ದೊಡ್ಡವರಿಗೇ ಕಷ್ಟ.

ಎರಡನೇ ಭಾನುವಾರ ಸ್ವಲ್ಪ ಸುತ್ತಿಕೊಂಡು ಹೈವೇ ಸರ್ವಿಸ್ ರೋಡಲ್ಲಿ ಹೋದೆವು, 44ನೇ ನಂಬರ್ ಹೈದರಾಬಾದ್ ಹೈವೇ. ಹತ್ತು ನಿಮಿಷಕ್ಕೆ ವಾಪಸ್ ತಿರುಗಿದೆವು. ಎದುರಿನಿಂದ ರಾಂಗ್ ಸೈಡಲ್ಲಿ ಟ್ರ್ಯಾಕ್ಟರು, ಅಂಡರ್‌ಪಾಸಲ್ಲಿ ಮೊಣಕಾಲುದ್ದ ನೀರು. ಅದರ ಬಗ್ಗೆ ಬರೆಯೋಕೆ ಇನ್ನೇನೂ ಇಲ್ಲ.

ಮೂರನೇ ಭಾನುವಾರ ಹಳೇ ಬಂಡಿ ದಾರಿ. ಇದರ ಬಗ್ಗೆ ನನಗೆ ತುಂಬಾ ಆಸೆ ಇತ್ತು. ನಮ್ಮ ತಾತ ಸಂತೆಗೆ ಹೋಗುತ್ತಿದ್ದದ್ದು ಇದರಲ್ಲೇ, ಕೆರೆ ಕಟ್ಟೆ ಮೇಲೆ ಹಾದು, ಪಕ್ಕದೂರಿನ ತೋಪು ದಾಟಿ, ಟೌನಿನ ಹಿಂಬದಿಗೆ ಸೇರುತ್ತೆ. ಮೇನ್ ರೋಡಿಗಿಂತ ಒಂದು ಕಿಲೋಮೀಟರ್ ಕಮ್ಮಿ. ಒಂದೂ ಟಿಪ್ಪರ್ ಇಲ್ಲ. ನಮ್ಮ ಜಿಲ್ಲೆಯಲ್ಲೂ ಕೋಲಾರದಲ್ಲೂ ನದಿ ಕಮ್ಮಿ, ಕೆರೆ ಜಾಸ್ತಿ. ಕೆರೆ ಇದ್ದ ಕಡೆಯೆಲ್ಲಾ ಕಟ್ಟೆ, ಕಟ್ಟೆ ಇದ್ದ ಕಡೆಯೆಲ್ಲಾ ಒಂದು ದಾರಿ. ಅಂದರೆ ಅರ್ಧ ಕೆಲಸ ಹಳಬರು ಮಾಡಿಟ್ಟೇ ಹೋಗಿದ್ದಾರೆ ಅಂತ ನಾನು ಮನಸ್ಸಲ್ಲೇ ಈ ಪೋಸ್ಟ್ ಬರೆದುಕೊಂಡು ತುಳಿಯುತ್ತಿದ್ದೆ.

ಕಟ್ಟೆ ಮಧ್ಯದಲ್ಲಿ ಪುಟ್ಟಿ ನಿಂತಳು. ಗುಂಡಿ ಇಲ್ಲ, ಕಲ್ಲಿಲ್ಲ.

"ಯಾಕಮ್ಮಾ?" ಅಂದೆ, ನಿಯಮ ಮುರಿದು.

"ಚಿಕ್ಕಪ್ಪಾ, ನೀನಿದ್ದೀಯ ಅಂತ ಬಂದೆ. ಒಬ್ಬಳೇ ಆದ್ರೆ ಇಲ್ಲಿ ನಾನು ಬರಲ್ಲ."

ಆಮೇಲೆ ಸುತ್ತ ನೋಡಿದೆ. ಎರಡೂ ಕಡೆ ಆಳೆತ್ತರ ಸೀಮೆ ಜಾಲಿ, ಹತ್ತಡಿ ಆಚೆ ಯಾರಿದ್ದಾರೆ ಅಂತ ಕಾಣಲ್ಲ. ಕೋಡಿ ಹತ್ತಿರ ಕಲ್ಲಿನ ಮೇಲೆ ಖಾಲಿ ಬಾಟಲಿ, ಪ್ಲಾಸ್ಟಿಕ್ ಲೋಟ. ಒಂದು ಲೈಟು ಕಂಬ ಇಲ್ಲ. ನಾನು ಗಂಡಸು, ನಲವತ್ತು ದಾಟಿದವನು, ನನ್ನ ಕಣ್ಣಿಗೆ ಅಲ್ಲಿ ಕೆರೆ, ಕೊಕ್ಕರೆ, ನೆರಳು ಕಂಡಿತ್ತು. ಅವಳಿಗೆ ಕಂಡದ್ದು ಬೇರೆ. ಟಿಪ್ಪರ್ ಇಲ್ಲದ ದಾರಿಯೇ ಒಳ್ಳೆಯ ದಾರಿ ಅಂತ ನಾನೊಬ್ಬನೇ ತೀರ್ಮಾನ ಮಾಡಿದ್ದರೆ ಪಂಚಾಯ್ತಿಗೆ ಅರ್ಜಿ ಬರೆದು ದುಡ್ಡೂ ಹಾಕಿಸಿ, ಕೊನೆಗೆ ಒಬ್ಬ ಹುಡುಗಿನೂ ಬರದ ರಸ್ತೆ ಮಾಡಿಸುತ್ತಿದ್ದೆ.

ಮಳೆಗಾಲದ ಮಾತು ಇನ್ನೊಂದು. 2021ರ ನವೆಂಬರ್‌ನಲ್ಲಿ ನಮ್ಮ ಕಡೆ ಕೆರೆಗಳು ಕೋಡಿ ಹರಿದದ್ದು ನೆನಪಿದೆಯಲ್ವಾ, ಆಗ ಈ ಕಟ್ಟೆ ದಾರಿ ಎಷ್ಟೋ ದಿನ ಬಂದ್ ಆಗಿತ್ತು. ಕೋಡಿ ಮೇಲೆ ಕಾಲಿಡೋಕೆ ಒಂದು ಸಣ್ಣ ಸೇತುವೆ ಇಲ್ಲದಿದ್ದರೆ ಇದು ಬೇಸಿಗೆ ದಾರಿ ಮಾತ್ರ.

ಇನ್ನು ತೋಪು ದಾಟಿದ ಮೇಲೆ ದಾರಿ ಸಣ್ಣಗಾಗುತ್ತಾ ಹೋಗಿ ಒಂದು ಕಡೆ ಸೈಕಲ್ ಹ್ಯಾಂಡಲ್ಲೇ ಹಿಡಿಸಲ್ಲ. ರಾತ್ರಿ ಮನೆಗೆ ಬಂದು ಕಂದಾಯ ಇಲಾಖೆ ವೆಬ್‌ಸೈಟಿಂದ ಗ್ರಾಮ ನಕಾಶೆ ಇಳಿಸಿಕೊಂಡು ನೋಡಿದೆ. ಎರಡು ಸಾಲು ಚುಕ್ಕೆ ಗೆರೆ ಇದ್ದರೆ ಬಂಡಿ ದಾರಿ, ಒಂದೇ ಸಾಲಿದ್ದರೆ ಕಾಲುದಾರಿ. ನಮ್ಮದು ಎರಡು ಸಾಲು, ಸ್ಪಷ್ಟವಾಗಿದೆ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಹಾಕಿಕೊಂಡು ಅಲ್ಲೇ ನಿಂತರೆ ಯಾವ ಸರ್ವೆ ನಂಬರಿನವರು ಬೇಲಿ ಮುಂದಕ್ಕೆ ತಂದಿದ್ದಾರೆ ಅಂತಲೂ ಸುಮಾರಾಗಿ ಗೊತ್ತಾಗುತ್ತೆ. ಮಾರನೇ ದಿನ ಹೋಗಿ ನೋಡಿದೆ. ನಾಲ್ಕು ಜನ ತಂದಿದ್ದಾರೆ. ಅದರಲ್ಲಿ ಒಂದು ನಂಬರು ನಮ್ಮದೇ! ಅಪ್ಪನ ಕಾಲದಲ್ಲಿ ಹಿಪ್ಪುನೇರಳೆ ಸಾಲು ಹಾಕುವಾಗ ಮೂರಡಿ ಮುಂದೆ ಬಂದಿದೆ. ಅಣ್ಣನಿಗೆ ಹೇಳಿದೆ. ಟಿವಿ ಸೌಂಡ್ ಜಾಸ್ತಿ ಮಾಡಿದ.

ಈಗ ಜನ ಕೇಳೋದು, "ಈ ಕಾಲದಲ್ಲಿ ಸೈಕಲ್ ಯಾರು ತುಳೀತಾರಪ್ಪಾ?" ಕೇಳುವ ರೀತಿನೇ ಸರಿ ಇಲ್ಲ. ಕೋಡಿ ನೀರು ಮೊಣಕಾಲುದ್ದ ಹರಿಯುವಾಗ ಯಾರೂ ದಾಟಲ್ಲ. ಯಾರೂ ದಾಟುತ್ತಿಲ್ಲ, ಆದ್ದರಿಂದ ಸೇತುವೆ ಬೇಡ ಅಂತೀರಾ? ಇನ್ನೊಂದು ತಮಾಷೆ ನೋಡಿ. ಬೆಟ್ಟಕ್ಕೆ ಬರುವವರು ಫೋನಲ್ಲಿ ಸ್ಟ್ರಾವಾ ಅಂತ, ಸೈಕಲ್ ಹೋದ ದಾರಿ ದಾಖಲಿಸುವ ಆ್ಯಪ್ ಆನ್ ಮಾಡಿರುತ್ತಾರೆ. ಅದರ ಮ್ಯಾಪಲ್ಲಿ ಜಾಸ್ತಿ ಸೈಕಲ್ ಓಡಾಡಿದ ರಸ್ತೆ ಹೊಳೆಯುತ್ತೆ, ಇಲ್ಲದ್ದು ಕತ್ತಲು. ಶಾಲೆ ಮಕ್ಕಳ ಹತ್ತಿರ ಫೋನೂ ಇಲ್ಲ, ಆ್ಯಪೂ ಇಲ್ಲ. ಹಾಲಿನ ಕ್ಯಾನ್ ಕಟ್ಟಿಕೊಂಡು ಡೈರಿಗೆ ಹೋಗುವ ಮುದುಕರ ಹತ್ತಿರವೂ ಇಲ್ಲ. ನಾಳೆ ಯಾರಾದರೂ ಆ ಮ್ಯಾಪ್ ಇಟ್ಟುಕೊಂಡು ಪ್ಲಾನ್ ಮಾಡಿದರೆ ಬೆಟ್ಟದ ರಸ್ತೆಗೆ ಚೆಂದದ ಸೈಕಲ್ ಟ್ರ್ಯಾಕ್ ಬರುತ್ತೆ, ಹಸಿರು ಬಣ್ಣ ಬೇರೆ ಬಳಿದು. ನಮ್ಮ ಹುರುಳಿ ರಸ್ತೆ ಹೀಗೇ ಇರುತ್ತೆ.

ನನಗೆ ಆ ಟ್ರ್ಯಾಕ್ ಬೇಡ. ನೋಟ್ ಬುಕ್ಕಲ್ಲಿರುವ ಜಾಗಗಳಾದರೆ ಸಾಕು. ಇನ್ನೂರು ಮೀಟರ್ ಗ್ರಾವೆಲ್, ಒಂದು ಹಂಪ್ಸು ಒಡೆದು ಅಳತೆಗೆ ಸರಿಯಾಗಿ ಕಟ್ಟೋದು, ಪೈಪಿನ ಕಾಲುವೆಗೆ ಸರಿಯಾಗಿ ಕಾಂಕ್ರೀಟ್, ಶಾಲೆ ಹೊತ್ತಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಟಿಪ್ಪರ್ ಬಿಡದೆ ಇರೋದು. ಕಟ್ಟೆ ಮೇಲೆ ಜಾಲಿ ಕಡಿದು ನಾಲ್ಕು ಲೈಟು. ಇದರಲ್ಲಿ ಯಾವುದಕ್ಕೂ ಶಾಸಕರು ಬಂದು ಗುದ್ದಲಿ ಪೂಜೆ ಮಾಡಬೇಕಾಗಿಲ್ಲ. ಬಹುಶಃ ಅದಕ್ಕೇ ಆಗುತ್ತಿಲ್ಲ.

ನಿಮ್ಮೂರ ರಸ್ತೆ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಆಗಿದ್ದರೆ ರಸ್ತೆ ಶುರುವಾಗುವಲ್ಲಿ ಒಂದು ಬೋರ್ಡ್ ಇರುತ್ತೆ, ಪೋಸ್ಟರ್ ಕಿತ್ತು ಓದಿ. ಕಾಮಗಾರಿ ಮುಗಿದ ಮೇಲೆ ಐದು ವರ್ಷ ಕಂಟ್ರಾಕ್ಟರೇ ನೋಡಿಕೊಳ್ಳಬೇಕು. ಮಗ್ಗುಲು ಕುಸಿದಿದ್ದರೆ ಫೋಟೋ ತೆಗೆದು, ಈ ರಸ್ತೆಗಳ ದೂರಿಗೆಂದೇ ಇರುವ ಮೇರಿ ಸಡಕ್ ಆ್ಯಪಲ್ಲಿ ಹಾಕಿ. ಬೇರೆ ರಸ್ತೆಗೆ ಗ್ರಾಮಸಭೆಯೇ ಗತಿ. ಅಲ್ಲಿ "ರಸ್ತೆ ಸರಿ ಇಲ್ಲ ಸಾರ್" ಅಂದರೆ "ಆಯ್ತು ನೋಡೋಣ" ಅಂತಾರೆ. ಇಂಥಾ ಜಾಗ, ಇಷ್ಟು ಮೀಟರ್, ಇಂಥಾ ಕೆಲಸ ಅಂತ ಪಟ್ಟಿ ಕೊಟ್ಟರೆ ಪಿಡಿಒ ಪೆನ್ನಾದರೂ ಕೈಗೆ ತಗೋತಾರೆ. ಹುಷಾರು, ಪಟ್ಟಿ ಮಾಡೋಕೆ ನೀವೊಬ್ಬರೇ ಹೋಗಬೇಡಿ, ಮಗುವನ್ನು ಮುಂದೆ ಬಿಡಿ.

ಅಂದಹಾಗೆ, ಇಲ್ಲೇ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಓದೋಕೆ ಹೋಗಿದ್ದೂ ಚಿಕ್ಕಬಳ್ಳಾಪುರಕ್ಕೇ. ಪ್ರತಿ ಸೆಪ್ಟೆಂಬರ್ 15ಕ್ಕೆ ಇಂಜಿನಿಯರುಗಳು ಹಾರ ಹಿಡಿದು ಕಾರಲ್ಲಿ ಬರುತ್ತಾರೆ. ಈ ವರ್ಷ ಟೌನಿಂದ ಮುದ್ದೇನಹಳ್ಳಿವರೆಗೆ ಸೈಕಲ್ಲಲ್ಲಿ ಬನ್ನಿ ಸಾರ್, ನನ್ನ ಅಟ್ಲಾಸ್ ಕೊಡುತ್ತೇನೆ, ಗಾಳಿ ತುಂಬಿಸಿಯೇ ಕೊಡುತ್ತೇನೆ.

ನಮ್ಮ ಮನೆ ವಿಷಯ ಇಷ್ಟಾಗಿದೆ: ಪಟ್ಟಿ ಪಂಚಾಯ್ತಿಗೆ ಕೊಟ್ಟಿದ್ದೇನೆ, ಸ್ವೀಕೃತಿ ಸೀಲು ಹಾಕಿಸಿಕೊಂಡಿದ್ದೇನೆ. ಬೀಗದಕೈ ಇನ್ನೂ ಸಾಸಿವೆ ಡಬ್ಬಿಯಲ್ಲೇ ಇದೆ. ಮೂರಡಿ ಬೇಲಿ ಹಿಂದಕ್ಕೆ ಹಾಕೋಕೆ ಈ ಭಾನುವಾರ ಹಾರೆ ತಗೊಂಡು ಹೋಗುತ್ತೇನೆ ಅಂದಿದ್ದೇನೆ. ಅಣ್ಣ ಬರುತ್ತೇನೆ ಅಂದಿಲ್ಲ, ಬೇಡ ಅಂತಲೂ ಅಂದಿಲ್ಲ. ಪುಟ್ಟಿ ಮಾತ್ರ ನೋಟ್ ಬುಕ್ ಇಸಕೊಂಡು ಏಳನೇ ಜಾಗ ಅಂತ ಬರೆದು ಮುಂದೆ "ನಮ್ಮ ತೋಟ" ಅಂತ ಸೇರಿಸಿದ್ದಾಳೆ.