ಕಾರ್ಪ್‌ಗೆ ದೂರ ಹೋಗೋ ಲೈನ್ ಯಾಕೆ?

ಅಮೆರಿಕದ ಡೆನ್ವರ್ ಸುತ್ತಮುತ್ತ ಇರುವ ನಮ್ಮವರು ಈಗೀಗ ಸೌತ್ ಪ್ಲಾಟ್ ನದಿಯಲ್ಲಿ ಕಾರ್ಪ್ ಹಿಡಿಯಲು ಹೊರಡುತ್ತಾರೆ. ಒಳ್ಳೇದೇ. ಊರಲ್ಲಿ ಕೆರೆಗೆ ಬಿಡುತ್ತಾರಲ್ಲ, ಅದೇ ಸಾಮಾನ್ಯ ಗೆಂಡೆ ಇದು. 1877ರಲ್ಲಿ ಸರ್ಕಾರದವರೇ ಊಟಕ್ಕೆ ಆಗಲಿ ಅಂತ ಜರ್ಮನಿಯಿಂದ ತರಿಸಿದ ಮೀನನ್ನು ಇವತ್ತು ಇಲ್ಲಿ ಟ್ರೌಟ್ ಹಿಡಿಯೋರಲ್ಲಿ ಎಷ್ಟೋ ಜನ ಮೂಸಿಯೂ ನೋಡಲ್ಲ. ಅದಿರಲಿ. ಫ್ಲೈ (ಗರಿ, ದಾರ ಸುತ್ತಿ ಹುಳದ ಹಾಗೆ ಮಾಡಿದ ಗಾಳ) ಎಸೆಯೋ ದಪ್ಪ ದಾರ, ಅಂದರೆ ಫ್ಲೈ ಲೈನ್, ಯಾವುದು ತಗೊಳ್ಳೋದು?

ನಾನಾದರೆ 7ನೇ ನಂಬರ್ ರಾಡಿಗೆ (ನಂಬರ್ ಅಂದರೆ ಆ ರಾಡಿಗೆ ಹೊಂದೋ ಲೈನಿನ ತೂಕದ ಗುರುತು) ವೇಟ್ ಫಾರ್ವರ್ಡ್ ಫ್ಲೋಟಿಂಗ್ ಲೈನ್, ಅಂದರೆ ಮುಂಭಾಗದಲ್ಲಿ ತೂಕ ಇಟ್ಟು ನೀರ ಮೇಲೆ ತೇಲೋ ಲೈನ್ ತಗೊಳ್ಳುತ್ತೇನೆ, ಮುಂದಿನ ತುದಿ ಉದ್ದಕ್ಕೆ ಸಣ್ಣಗಾಗುತ್ತಾ ಹೋಗಿರಬೇಕು. ಫ್ಲೈಗೆ ತೂಕವೇ ಇಲ್ಲ ಅನ್ನುವಷ್ಟು ಕಮ್ಮಿ, ಅದನ್ನು ಹೊತ್ತುಕೊಂಡು ಹೋಗೋದು ಲೈನಿನ ತೂಕ. ಲೆಕ್ಕದ ಪ್ರಕಾರ ಮೊದಲ 30 ಅಡಿ 6ನೇ ನಂಬರಿಗೆ 160 ಗ್ರೇನ್ (ತೂಕದ ಸಣ್ಣ ಅಳತೆ), 7ಕ್ಕೆ 185, 8ಕ್ಕೆ 210 ಇರಬೇಕು. ಆದರೆ ಈಗ ಡಬ್ಬಿ ಮೇಲೆ 7 ಅಂತ ಬರೆದು ಒಳಗೆ 8ರ ತೂಕ ತುಂಬಿರೋ ಲೈನುಗಳು ಬೇಕಾದಷ್ಟಿವೆ. ರಾಡ್ ಸಲೀಸಾಗಿ ಬಾಗುತ್ತದೆ, ಹೊಸಬರಿಗೆ ಖುಷಿ. ಆದರೆ ಮೊಣಕಾಲುದ್ದ ನೀರಿನಲ್ಲಿ ಆ ಲೈನ್ ಒದ್ದೆ ಹಗ್ಗ ಎಸೆದ ಹಾಗೆ ಬೀಳುತ್ತದೆ. ಕಾರ್ಪ್‌ಗೆ ಗಾಳಿಚೀಲದಿಂದ ಒಳಕಿವಿಯವರೆಗೆ ಪುಟ್ಟ ಮೂಳೆಗಳ ಸಾಲೇ ಇದೆ, ಕಿವಿ ಭಾರೀ ಚುರುಕು. ಒಂದು ಸಲ ಪಟ್ ಅಂದರೆ ಗುಂಪಿಗೆ ಗುಂಪೇ ಮಾಯ, ನಿಮಗೆ ಸಿಗೋದು ಕದಡಿದ ಕೆಸರು. ಅದಕ್ಕೇ ಡಬ್ಬಿ ಹಿಂದೆ ಗ್ರೇನ್ ಎಷ್ಟು ಬರೆದಿದೆ ಅಂತ ಓದಿ.

ದೂರ ಹೋಗುತ್ತೆ ಅನ್ನೋ ಜಾಹೀರಾತು ನಂಬಬೇಡಿ. ನದಿಯಲ್ಲಿ ಮೀನು ಕಂಡ ಮೇಲೆ ತಾನೆ ಎಸೆಯೋದು, ಬಹುಪಾಲು 30-40 ಅಡಿ ಒಳಗೇ. ತಲೆ ಕೆಳಗೆ, ಬಾಲ ಮೇಲೆ ಮಾಡಿಕೊಂಡು ಕೆಸರು ಕೆದಕುತ್ತಿರುತ್ತದೆ. ಫ್ಲೈಯನ್ನು ಅದರಿಂದಾಚೆ ಹಾಕಿ, ರಾಡ್ ಎತ್ತಿ ನೀರಿನ ಮೇಲೇ ಮೆಲ್ಲಗೆ ಎಳೆದು, ಮೂತಿ ಹತ್ತಿರ ಬಂದಾಗ ಕೆಳಗೆ ಬಿಡಬೇಕು. ಮುಳುಗೋ ಲೈನಿನಲ್ಲಿ ಈ ಆಟ ನಡೆಯಲ್ಲ. ತಳ ಮುಟ್ಟೋ ಕೆಲಸ ಫ್ಲೈಗೆ ಕಣ್ಣಿನ ಹಾಗೆ ಕಟ್ಟಿರೋ ಪುಟ್ಟ ಲೋಹದ ಮಣಿ ನೋಡಿಕೊಳ್ಳುತ್ತದೆ. ಆಳದ ಸರೋವರವಾದರೆ ಮಾತೇ ಬೇರೆ.

ಸಮುದ್ರದ ಬೋನ್‌ಫಿಶ್ ಮೀನಿಗೆ ಅಂತ, ಸೆಕೆಗೆ ಮೆತ್ತಗಾಗದ ಹಾಗೆ ಮಾಡಿದ ಲೈನ್ ಇಟ್ಟುಕೊಂಡವರು ಅದನ್ನೇ ಹಾಕಬಹುದಾ? ಟೆಕ್ಸಾಸ್ ಬಿಸಿಲಿಗೆ ಧಾರಾಳವಾಗಿ. ಇಲ್ಲಿ ಏಪ್ರಿಲ್ ತಿಂಗಳ ತಣ್ಣೀರಿನಲ್ಲಿ ಗಟ್ಟಿಯಾಗಿ ಸುರುಳಿ ಸುತ್ತಿಕೊಳ್ಳುತ್ತದೆ. ಮಾಮೂಲಿ ಲೈನ್ ಜುಲೈ ಸೆಕೆಗೆ ಸ್ವಲ್ಪ ಮೆತ್ತಗಾಗಿ ಅಂಟುತ್ತದೆ, ನಿಜ. ಸೋಪು ನೀರಲ್ಲಿ ಒರೆಸಿ.

ಬಣ್ಣದ ಬಗ್ಗೆ ಸುಮ್ನೆ ಜಗಳ ಮಾಡ್ತಾರೆ. ನಾನು ಮಾಸಲು ಹಸಿರು ತಗೊಳ್ಳುತ್ತೇನೆ, ಆದರೆ 10-12 ಅಡಿ ಲೀಡರ್ (ಲೈನಿಗೂ ಫ್ಲೈಗೂ ನಡುವಿನ ಸಣ್ಣ ಪಾರದರ್ಶಕ ದಾರ) ಕಟ್ಟಿ, ಮೀನಿನ ನೆತ್ತಿ ಮೇಲೆ ಲೈನ್ ಬೀಸದೆ ಇದ್ದರೆ ಕಿತ್ತಳೆ ಬಣ್ಣದ್ದಾದರೂ ನಡೆಯುತ್ತದೆ.