ಪ್ಲಾಟ್ ನಂಬರ್ 41ಕ್ಕೆ ಚರಗ

ಎಳ್ಳ ಅಮವಾಸ್ಯೆಗೆ ಹೊಲಕ್ಕೆ ಹೋಗಿ, ಪೂಜೆ ಮಾಡಿ, ಭೂಮಿತಾಯಿಗೆ ಚರಗ ಅಂದರೆ ಎಡೆಯ ತುತ್ತು ಚೆಲ್ಲೋದು ತಪ್ಪಿಸಬಾರದು ಅಂತ ನಮ್ಮ ಕಾಕಾನ ಹಟ. ಹೊಲ ಮಾರಿ ನಾಲ್ಕು ವರ್ಷವಾಯಿತು, ಆ ಮಾತು ಬೇರೆ.

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಇರೋದೇ ಸುಮಾರು 20 ಕಿಲೋಮೀಟರ್. ಅದರಲ್ಲಿ ನಮ್ಮ ಎರೆ ಹೊಲವೂ ಎನ್‌ಎ, ಅಂದರೆ ಕೃಷಿಯೇತರ ಜಮೀನು ಆಗಿ ಲೇಔಟ್ ಆಯಿತು. ಹೆಸರಿನಲ್ಲಿ ಗ್ರೀನ್ ಇದೆ, ವ್ಯಾಲಿ ಇದೆ. ಹಸಿರು ಇರೋದು ಗೇಟಿಗೆ ಬಳಿದ ಬಣ್ಣದಲ್ಲಿ ಮಾತ್ರ. ಕಾಕಾ ತಮಗೆ ಅಂತ ಒಂದು ಕಾರ್ನರ್ ಸೈಟು ಉಳಿಸಿಕೊಂಡಿದ್ದಾರೆ. ಈಗ ಅದೇ ನಮ್ಮ ಹೊಲ.

ಬುತ್ತಿಗೇನೂ ಕಡಿಮೆ ಇರಲಿಲ್ಲ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪುಂಡಿ ಪಲ್ಯ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಶೇಂಗಾ ಹೋಳಿಗೆ, ಕಡಬು, ಜೋಳದ ಬಾನ. ಎಲ್ಲಾ ಖಾನಾವಳಿಯಿಂದ ಕರಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಂತು. ರೊಟ್ಟಿ ಡಬ್ಬಿಯ ಮೇಲೆ 'ಗ್ಲುಟೆನ್ ಫ್ರೀ' ಅಂತ ಚೀಟಿ. ನಾವು ಸಾಲಿಗೆ ಸಜ್ಜಿ ರೊಟ್ಟಿ ಒಯ್ದರೆ ಹುಡುಗರು ನಗುತ್ತಿದ್ದರು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂದಮೇಲೆ ಅದರ ನಸೀಬೇ ಬದಲಾಯಿತು. ಸಜ್ಜಿಯಲ್ಲಿ ಗ್ಲುಟೆನ್ ಯಾವತ್ತೂ ಇರಲಿಲ್ಲ. ಪಾಪ, ಅದಕ್ಕೇ ಗೊತ್ತಿರಲಿಲ್ಲ!

ಪೂಜೆಗೆ ಬನ್ನಿ ಗಿಡ ಬೇಕು. ಅದಿದ್ದ ಜಾಗದಲ್ಲಿ ಟ್ರಾನ್ಸ್‌ಫಾರ್ಮರ್ ನಿಂತಿದೆ. ದೂರದಿಂದಲೇ ಕೈ ಮುಗಿದೆವು. ಇನ್ನು ಪಾಂಡವರು. ಐದು ಕಲ್ಲು ಆರಿಸಿ, ಸುಣ್ಣ ಹಚ್ಚಿ ಕೂಡಿಸೋದು ಪದ್ಧತಿ. ಲೇಔಟಿನಲ್ಲಿ ಕಲ್ಲಿಗೇನು ಬರ? ಸುಣ್ಣ ಹಚ್ಚಿ, ನಂಬರೂ ಬರೆದು ಹುಗಿದೇ ಇಟ್ಟಿದ್ದರು. 41ರಿಂದ 45ರವರೆಗೆ ಕುಂಕುಮ ಇಟ್ಟೆವು. ಹಿರಿಯ ಅಂತ ಧರ್ಮರಾಯನಿಗೆ ಕಾರ್ನರ್ ಸೈಟು. ಭೀಮನಿಗೆ ಮೂವತ್ತು ನಲವತ್ತು ಸಾಲುತ್ತಾ ಅಂತ ಮಕ್ಕಳಲ್ಲಿ ಜಗಳ. ಸೂಜಿ ಮೊನೆಯಷ್ಟು ಜಾಗವನ್ನೂ ಕೊಡೋದಿಲ್ಲ ಅಂದಿದ್ದ ದುರ್ಯೋಧನ. ಆ ಮೊನೆಗೂ ಚದರಡಿ ಲೆಕ್ಕದಲ್ಲಿ ರೇಟು ಕಟ್ಟಬಹುದು ಅನ್ನೋದು ಅವನಿಗೆ ಹೊಳೆಯಲಿಲ್ಲ, ಅಲ್ವಾ?

ಕಾಕಾ ರೊಟ್ಟಿ, ಕಡಬು ಮುರಿದು ಬುಟ್ಟಿಗೆ ಹಾಕಿಕೊಂಡು "ಹುಲ್ಲುಲ್ಲಿಗೋ..." ಅಂತ ಕೂಗುತ್ತಾ ಚರಗ ಚೆಲ್ಲಿದರು. ನಾಲ್ಕು ಹೆಜ್ಜೆಗೆ ಹೊಲ ಮುಗಿಯಿತು. ಮುಂದಿನ ತುತ್ತು ಪಕ್ಕದವರ ಕಾರಿನ ಗಾಜಿನ ಮೇಲೆ ಬಿತ್ತು. ಲೇಔಟ್ ಸಂಘದವರು ಓಡಿ ಬಂದರು.

"ಏನ್ರಿ ಇದು? ಹಸಿ ಕಸ ರಸ್ತೆಗೆ ಚೆಲ್ಲಾಕತ್ತೀರಲ್ಲ?"

"ಚರಗ ರೀ ಇದು."

"ಚರಗ ಇರಲಿ, ಏನರ ಇರಲಿ. ಹಸಿರು ಬಕೆಟ್‌ನ್ಯಾಗ ಹಾಕ್ರಿ. ಬೆಳಿಗ್ಗೆ ಗಾಡಿ ಬರತೈತಿ."

ಹಾಗೆ ಹೇಳಿದವರು ಎರಡು ಶೇಂಗಾ ಹೋಳಿಗೆ ತಿಂದೇ ಹೋದರು. ತಮ್ಮದೂ ಇಲ್ಲೇ ಆಚೆ ಬದಿಗೆ ಹೊಲ ಇತ್ತಂತೆ. ಅದೀಗ ಕ್ಲಬ್ ಹೌಸ್.

ಅಜ್ಜಿ ಇಷ್ಟು ಹೊತ್ತೂ ಕಾರಿನಲ್ಲೇ ಕೂತಿದ್ದಳು. ಬೆಳೆ ಹೊತ್ತ ಭೂಮಿತಾಯಿ ಬಸುರಿ, ಚರಗ ಅವಳ ಬಯಕೆಯ ಊಟ ಅಂತ ನಮಗೆಲ್ಲ ಹೇಳಿಕೊಟ್ಟವಳು ಅವಳೇ. ಮೆಲ್ಲಗೆ ಇಳಿದು, ಸಿಮೆಂಟ್ ರಸ್ತೆಯನ್ನು ಕೋಲಿನಿಂದ ಟಕ್ ಟಕ್ ಕುಟ್ಟಿ ನೋಡಿದಳು.

"ಬಯಕೆ ಊಟ ಏನೋ ಹಾಕಿದ್ರಿ. ಈಕಿಗೆ ಏನು ಹುಟ್ಟತೈತೋ ತಮ್ಮಾ?"

ಕಾಕಾ ಫೋನಿನಲ್ಲಿದ್ದ ನಕ್ಷೆ ತೋರಿಸಿದರು. "ಜಿ ಪ್ಲಸ್ ಟೂ, ಅವ್ವಾ. ಕೆಳಗ ಪಾರ್ಕಿಂಗ್."